ಗಂಗೂಬಾಯಿಯವರ ಬಾಳು ಮತ್ತು ಮಕ್ಕಳ ಪದ್ಯ

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುಹಾದಿಯಲ್ಲಿ ಬೀರೂರು ದಾಟಿದ ಮೇಲೆ ಅಜ್ಜಂಪುರ, ಅದರ ಮುಂದೆ ಶಿವನಿ. ಶಿವನಿಯ ಚಿಕ್ಕ ನಿಲ್ದಾಣದಲ್ಲಿ ನಿಂತು ಉತ್ತರಕ್ಕೆ ನೋಡುವ ಶಾಲಾಬಾಲಕನಿಗೆ ಆ ಹಳಿಗಳು ಚಿಕ್ಕಜಾಜೂರು, ದಾವಣಗೆರೆ, ಹರಿಹರ, ಹಾವೇರಿಗಳನ್ನು ಹಾದು ಹೋಗುತ್ತವೆಂಬುದು ತಿಳಿದಿರುತ್ತದೆ. ಹುಬ್ಬಳ್ಳಿಯನ್ನು ಮುಟ್ಟುವುದಕ್ಕೆ ತುಸು ಮೊದಲು ಅದೇ ಹಳಿಯ ಮೇಲೆ ಕುಂದಗೋಳವೆಂಬ ಊರು ಬರುತ್ತದೆಂಬುದು ತಿಳಿದಿರಲಾರದು. ಆ ಊರಿನಲ್ಲಿ ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರರು ಶಿಷ್ಯರಿಗೆ ಸಂಗೀತ ಹೇಳುತ್ತಿದ್ದರು. ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಪಾಠಕ್ಕೆ ಹೋಗುತ್ತಿದ್ದ ತರುಣಿಯೊಬ್ಬರು ಮುಂದೆ ಗಂಗೂಬಾಯಿ ಹಾನಗಲ್ ಎಂದು ದೇಶಕ್ಕೆಲ್ಲ ಪರಿಚಿತರಾದರು. ಶಿವನಿಯ ಮಗುವಿಗೆ ಈ ಕಥೆಯನ್ನು ಹೇಳುವವರು ದೂರದ ದೇಶವೊಂದನ್ನು ವರ್ಣಿಸಬೇಕಾಗಿಲ್ಲ; ತನ್ನೂರಿನ ಹಳಿಯನ್ನೇ ಹಿಡಿದು ಹೋದರೆ ಸಾಕು.

ಈ ಬಾಳನ್ನು ಮಕ್ಕಳಿಗೆ ಪದ್ಯದಲ್ಲಿ ಹೇಳುವುದು ಹೇಗೆ ಎಂಬುದು ಇಲ್ಲಿಯ ವಿಚಾರ. ಪ್ರಶ್ನೆ ಮೇಲುನೋಟಕ್ಕೆ ಚಿಕ್ಕದು. ಶಾಲೆಯ ವಾರ್ಷಿಕೋತ್ಸವ, ಪಾಠಶಾಲೆಯ ಕಂಠಪಾಠ ಸ್ಪರ್ಧೆ, ಬಹುಮಾನದ ಪುಸ್ತಕ, ಇಷ್ಟರಲ್ಲಿ ಮುಗಿಯುವ ಸಾಹಿತ್ಯವಿದು. ವಿಮರ್ಶಕರು ಇದರತ್ತ ಕಣ್ಣೆತ್ತಿ ನೋಡುವುದು ಅಪರೂಪ. ಆದರೆ ಹತ್ತು ವರ್ಷದ ಮಗು ಬಾಯಿಪಾಠ ಮಾಡಿದ ಪದ್ಯ ಐವತ್ತು ವರ್ಷವಾದರೂ ನಾಲಗೆಯ ಮೇಲಿರುತ್ತದೆ. ತರೀಕೆರೆಯ ಕೆರೆಯೇರಿಯ ಮೇಲೆ ಮೇಯುವ ಕರಿಯ ಕುರಿಮರಿಗಳ ನಾಲಗೆತೊಡಕಿನ ಮಾತನ್ನು ಆ ಸೀಮೆಯನ್ನು ಎಂದೂ ಕಾಣದ ಕನ್ನಡಿಗರೂ ಮರೆಯುವುದಿಲ್ಲ. ಅರ್ಥವಿಲ್ಲದ ಆಟಕ್ಕೇ ಇಷ್ಟು ಆಯುಸ್ಸಿರುವಾಗ ಅರ್ಥವುಳ್ಳ ಪದ್ಯ ಏನನ್ನು ಉಳಿಸುತ್ತದೆ, ಏನನ್ನು ಅಳಿಸುತ್ತದೆ ಎಂಬುದನ್ನು ಹಿರಿಯರು ಗಮನಿಸಬೇಕಾಗುತ್ತದೆ.

ಗಂಗೂಬಾಯಿಯವರು 1913ರ ಮಾರ್ಚ್ 5ರಂದು ಜನಿಸಿದರು. ಬಾಲ್ಯ ಕಳೆದುದು ಧಾರವಾಡದಲ್ಲಿ. ಹುಟ್ಟಿನ ಹೆಸರು ಗಾಂಧಾರಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಹಾಡುಗಾರ್ತಿ. ಮಗಳ ಒಲವು ಹಿಂದೂಸ್ಥಾನಿ ಪದ್ಧತಿಯತ್ತ ತಿರುಗಿದುದನ್ನು ಕಂಡು, ಅವಳ ಶಿಕ್ಷಣಕ್ಕೆ ತೊಡಕಾಗಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರೆಂಬುದು ಕನ್ನಡ ಸಂಗೀತಚರಿತ್ರೆಯ ದೊಡ್ಡ ತ್ಯಾಗಗಳಲ್ಲಿ ಒಂದು. 1928ರಲ್ಲಿ ಮನೆ ಹುಬ್ಬಳ್ಳಿಗೆ ಬಂದಿತು. ಹುಲಗೂರು ಕೃಷ್ಣಾಚಾರ್ಯರು, ದತ್ತೋಪಂತ ದೇಸಾಯಿಯವರು, ಅನಂತರ ಸವಾಯಿ ಗಂಧರ್ವರು, ಇದು ಗುರುಗಳ ಸಾಲು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ; ಕಣ್ಣುಗಳನ್ನು ದಾನ ಮಾಡಿದ್ದರು. ಮೈಸೂರಿನ ಸಂಗೀತ ವಿಶ್ವವಿದ್ಯಾನಿಲಯ ಇಂದು ಅವರ ಹೆಸರನ್ನು ಹೊತ್ತಿದೆ.

ಇಷ್ಟನ್ನು ಯಾವ ಪದ್ಯಕಾರನಾದರೂ ಹತ್ತು ನುಡಿಗಳಲ್ಲಿ ಕಟ್ಟಿಬಿಡಬಹುದು. ಮಕ್ಕಳ ಪದ್ಯಚರಿತೆಗೆ ರೂಢಿಯಲ್ಲಿ ಒಂದು ಅಚ್ಚು ಇದೆ. ಬಡತನ ಅಥವಾ ಕೀಳೆನಿಸಿದ ಮನೆಯಲ್ಲಿ ಜನನ, ಎಳೆತನದಲ್ಲಿಯೇ ಪ್ರತಿಭೆ, ದಾರಿಯಲ್ಲಿ ಕಲ್ಲುಮುಳ್ಳು, ಎಡೆಬಿಡದ ಸಾಧನೆ, ಗೆಲುವು, ಪ್ರಶಸ್ತಿ, ಕೊನೆಗೆ ವಂದನೆ. ಈ ಅಚ್ಚಿನಲ್ಲಿ ಕುಲದ ಅವಮಾನ, ಬಡತನ, ಕಾಯಿಲೆ, ಮಳೆಗಾಲದ ಹೊಳೆ ಎಲ್ಲವೂ ಒಂದೇ ಜಾತಿಯ ಕಲ್ಲುಗಳು. ಕಲ್ಲು ತಾನಾಗಿ ದಾರಿಯಲ್ಲಿ ಬಿದ್ದಿತ್ತು, ನಾಯಕಿ ಅದನ್ನು ದಾಟಿದಳು. ಕಲ್ಲನ್ನು ಇಟ್ಟವರು ಯಾರು ಎಂದು ಮಗು ಕೇಳುವುದಿಲ್ಲ. ಪದ್ಯ ಅದಕ್ಕೆ ಎಡೆಗೊಡುವುದಿಲ್ಲ. ಇದು ಬರಿಯ ಕಾವ್ಯದೋಷವಲ್ಲ, ನೀತಿಯ ದೋಷವೂ ಹೌದು. ಹೊಳೆಗೆ ಪ್ರಾಯಶ್ಚಿತ್ತವಿಲ್ಲ, ಮನುಷ್ಯನಿಗೆ ಉಂಟು.

ಗಂಗೂಬಾಯಿಯವರು ತಮ್ಮ ಬಾಲ್ಯವನ್ನು ನೆನೆಯುವಾಗ ಹೇಳುತ್ತಿದ್ದ ಒಂದು ಪ್ರಸಂಗವನ್ನು ಇಲ್ಲಿ ಕೊಂಚ ನಿಂತು ನೋಡಬೇಕು. ಧಾರವಾಡದ ಶುಕ್ರವಾರಪೇಟೆ ಮೇಲುಜಾತಿಯವರ ಮನೆಗಳೇ ಹೆಚ್ಚಾಗಿದ್ದ ಓಣಿ. ನೆರೆಯ ಸಿರಿವಂತರ ತೋಟದಲ್ಲಿ ಮಾವಿನ ಹಣ್ಣು, ಹುಡುಗಿ ಒಳಹೊಕ್ಕು ಕದ್ದಳು, ಸಿಕ್ಕಿಬಿದ್ದಳು, ಶಿಕ್ಷೆಯಾಯಿತು. ಇಷ್ಟೇ ಆಗಿದ್ದರೆ ಎಲ್ಲ ಊರಿನ ಎಲ್ಲ ಮಕ್ಕಳ ಕಥೆಯಿದು. ಆದರೆ ಅಲ್ಲಿಯವರು ಬೆಚ್ಚಿದ್ದು ಹಣ್ಣು ಹೋಯಿತೆಂದಲ್ಲ. ಹಾಡುವವಳ ಮಗಳು ತಮ್ಮ ತೋಟದೊಳಗೆ ಕಾಲಿಟ್ಟಳಲ್ಲ ಎಂದು. ಕಾಲಾಂತರದಲ್ಲಿ ಅದೇ ಜನ ತಮ್ಮನ್ನು ಮನೆಗೆ ಕರೆದು ಗೌರವಿಸುವುದನ್ನೂ ಗಂಗೂಬಾಯಿಯವರು ಕಹಿಯಿಲ್ಲದೆ, ಆದರೆ ಮರೆಯದೆ ಹೇಳುತ್ತಿದ್ದರು.

ಮಕ್ಕಳ ಪದ್ಯಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗದು. ಹಣ್ಣಿದೆ, ಬೇಲಿಯಿದೆ, ಕಳ್ಳತನದ ರೋಮಾಂಚವಿದೆ. ಅದರ ನಡುವೆ ಕಳ್ಳತನಕ್ಕಿಂತ ದೊಡ್ಡದಾದ ಇನ್ನೊಂದು ಅಪರಾಧ ಹಿರಿಯರ ಕಡೆಯಿಂದ ನಡೆಯುತ್ತದೆ. ಅಚೌರ್ಯಾಣುವ್ರತವನ್ನು ಪಾಠಶಾಲೆಯಲ್ಲಿ ಕಲಿತ ಮಗು ಹುಡುಗಿಯ ತಪ್ಪನ್ನು ತಾನೇ ಗುರುತಿಸುತ್ತದೆ; ಹಿರಿಯರ ತಪ್ಪನ್ನು ಗುರುತಿಸಲು ಅದಕ್ಕೆ ಕವಿಯ ನೆರವು ಬೇಕು. ರೂಢಿಯ ಪದ್ಯ ಆ ನೆರವನ್ನು ಕೊಡದೆ ಇರುವುದಷ್ಟೇ ಅಲ್ಲ, ತನಗೆ ತಿಳಿಯದಂತೆ ಎದುರು ದಿಕ್ಕಿಗೆ ಎಳೆಯುತ್ತದೆ. ಅದಕ್ಕೆ ಕಾರಣ ಕನ್ನಡದ ಕ್ರಿಯಾಪದದಲ್ಲಿಯೇ ಅಡಗಿದೆ.

ಸ್ತ್ರೀಲಿಂಗದ ಭೂತಕಾಲಕ್ಕೆ ಕನ್ನಡ ಕೊಡುವ ಅಂತ್ಯ ಪದ್ಯಕಾರನಿಗೆ ಪುಕ್ಕಟೆ ಪ್ರಾಸ. ಹುಟ್ಟಿದಳು, ಬೆಳೆದಳು, ಕಲಿತಳು, ಅತ್ತಳು, ಹಾಡಿದಳು, ಗೆದ್ದಳು: ಸಾಲುಸಾಲಿಗೂ ಅಂತ್ಯಪ್ರಾಸ ತಾನೇ ಬಂದು ಕೂಡುತ್ತದೆ. ಪದ್ಯಕಾರನಿಗೆ ಇದರ ಆಸೆ ಹತ್ತಿದರೆ ಕಥೆಯ ಎಲ್ಲ ಕ್ರಿಯೆಗಳೂ ಅವಳವೇ ಆಗಿಬಿಡುತ್ತವೆ. ಅವಳಿಗೆ ಮಾಡಿದವರ ಕ್ರಿಯೆಗೆ ಸಾಲು ಉಳಿಯುವುದಿಲ್ಲ. ಉಳಿದರೂ ಅದು ಬರುವುದು ಬಹುವಚನದಲ್ಲಿ: ಯಜಮಾನರು ಗದರಿದರು, ಹಿರಿಯರು ಮುನಿದರು. ಅಂದರೆ ಅವಮಾನಿಸಿದವರಿಗೆ ಗೌರವದ ಪ್ರತ್ಯಯ, ಅವಮಾನಕ್ಕೊಳಗಾದವಳಿಗೆ ಏಕವಚನ. ಮಗುವನ್ನು ಏಕವಚನದಲ್ಲಿ ಕರೆಯುವುದು ಕನ್ನಡದ ಪ್ರೀತಿಯ ರೀತಿಯೇ ಹೌದು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಎರಡು ಪ್ರತ್ಯಯಗಳು ಒಂದೇ ನುಡಿಯಲ್ಲಿ ಎದುರುಬದುರಾಗಿ ನಿಂತಾಗ, ಯಾವ ಭೇದವನ್ನು ಖಂಡಿಸಲು ಪದ್ಯ ಹುಟ್ಟಿತೋ ಆ ಭೇದವನ್ನೇ ಮಗುವಿನ ಕಿವಿ ಕಲಿಯುತ್ತದೆ. ಜಾಣ ಕವಿ ಇದಕ್ಕೆ ಹತ್ತು ಉಪಾಯಗಳನ್ನು ಕಂಡುಕೊಂಡಾನು. ಆದಿಪ್ರಾಸವನ್ನು ಹಿಡಿದರೆ ಸಾಲಿನ ಕೊನೆ ಬಿಡುಗಡೆಯಾಗುತ್ತದೆ. ಹುಡುಗಿಯೇ ಕಥೆ ಹೇಳುವಂತೆ ಮಾಡಿದರೆ ಏಕವಚನದ ತೊಡಕೇ ಇಲ್ಲ. ಗದರಿಕೆಯನ್ನು ಗದರಿದವರ ಮಾತಿನಲ್ಲೇ, ಬೇಲಿಯಾಚೆಯಿಂದ ಕೇಳಿಸುವಂತೆ ಬರೆಯಲೂಬಹುದು.

ಬೆಳಗಾವಿಯ ಪ್ರಸಂಗವೂ ಹೀಗೆಯೇ ಅರ್ಧ ಹೇಳಲ್ಪಡುವ ಕಥೆ. 1924ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಅಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದ ಬಾಲಿಕೆಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯವರೂ ಇದ್ದರು. ಇದು ಎಲ್ಲ ಲೇಖನಗಳಲ್ಲಿಯೂ ಬರುತ್ತದೆ, ಬರಬೇಕಾದುದೇ. ಆದರೆ ಅವರ ನೆನಪಿನಲ್ಲಿ ಆ ಹಾಡಿನ ಜೊತೆಗೆ ಇನ್ನೊಂದು ಆತಂಕವೂ ಅಂಟಿಕೊಂಡಿತ್ತು: ಊಟದ ಹೊತ್ತಿಗೆ ಮೇಲುಜಾತಿಯವರ ನಡುವೆ ತಮ್ಮ ಪಾಡೇನೋ ಎಂಬುದು. ಗಾಂಧಿಯವರ ಮುಂದೆ ಹಾಡಿದ ಹೆಮ್ಮೆ ಮತ್ತು ಎಲೆಯ ಮುಂದಿನ ಭಯ ಎರಡೂ ಒಂದೇ ದಿನದವು. ಒಂದನ್ನು ಇಟ್ಟು ಒಂದನ್ನು ಬಿಟ್ಟ ಪದ್ಯ ಸುಳ್ಳು ಹೇಳಿದಂತಾಗುವುದಿಲ್ಲ, ಸತ್ಯವನ್ನೂ ಹೇಳಿದಂತಾಗುವುದಿಲ್ಲ.

ಇದೇ ಬಗೆಯ ಬಾಳುಗಳನ್ನು ಮಕ್ಕಳಿಗೆ ಹೇಳುವುದರಲ್ಲಿ ಅಮೆರಿಕದ ಬರಹಗಾರರು ಕಳೆದ ಕೆಲವು ದಶಕಗಳಲ್ಲಿ ಹೆಚ್ಚಿನ ಶ್ರದ್ಧೆ ತೋರಿಸಿದ್ದಾರೆ. ಅಲ್ಲಿಯ ಕಪ್ಪು ಗಾಯಕಿಯರಲ್ಲಿ ಮೇರಿಯನ್ ಆಂಡರ್ಸನ್ ಹಿರಿಯರು. 1939ರಲ್ಲಿ ವಾಷಿಂಗ್ಟನ್ ನಗರದ ಕಾನ್ಸ್ಟಿಟ್ಯೂಷನ್ ಹಾಲ್ ಎಂಬ ಸಭಾಂಗಣದಲ್ಲಿ ಅವರ ಕಚೇರಿಗೆ ಅದರ ಒಡೆತನದ ಮಹಿಳಾ ಸಂಸ್ಥೆ ಅವಕಾಶ ನಿರಾಕರಿಸಿತು. ಅವರು ಆ ವರ್ಷದ ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಹಾಡಿದರು. ಪ್ಯಾಮ್ ಮುನ್ಯೋಸ್ ರಯಾನ್ 2002ರಲ್ಲಿ ಇವರ ಬಾಳನ್ನು ಮಕ್ಕಳ ಚಿತ್ರಪುಸ್ತಕವಾಗಿ ಬರೆದರು. ಕಿರಿಯರಾದ ಲಿಯೊಂಟೀನ್ ಪ್ರೈಸ್ 1927ರಲ್ಲಿ ಮಿಸಿಸಿಪಿಯ ಲಾರೆಲ್ ಎಂಬ ಊರಿನಲ್ಲಿ ಹುಟ್ಟಿದವರು. ತಾಯಿ ಸೂಲಗಿತ್ತಿ, ತಂದೆ ಮರದ ಮಿಲ್ಲಿನ ಕೆಲಸಗಾರ. ಎಳೆಯ ವಯಸ್ಸಿನಲ್ಲಿ ತಾಯಿಯೊಡನೆ ಹೋಗಿ ಆಂಡರ್ಸನರ ಹಾಡನ್ನು ಕೇಳಿದ ಆ ಹುಡುಗಿ 1961ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಮೊದಲ ಬಾರಿಗೆ ಹಾಡಿದಾಗ ಚಪ್ಪಾಳೆ ಸುಮಾರು 40 ನಿಮಿಷ ನಿಲ್ಲಲಿಲ್ಲವಂತೆ. ಕ್ಯಾರೊಲ್ ಬಾಸ್ಟನ್ ವೆದರ್ಫರ್ಡ್ 2014ರಲ್ಲಿ ಮಕ್ಕಳಿಗಾಗಿ ಇವರ ಬಾಳನ್ನು ಲಯಬದ್ಧವಾದ ನುಡಿಯಲ್ಲಿ ಬರೆದಿದ್ದಾರೆ.

ಈ ಗಾಯಕಿಯರ ಕಥೆಗೆ ಒಂದು ಅನುಕೂಲವಿದೆ. ಅಲ್ಲಿ ಭೇದ ಕಾನೂನಾಗಿತ್ತು, ಫಲಕವಾಗಿತ್ತು. ಮುಚ್ಚಿದ ಬಾಗಿಲಿಗೆ ಹೆಸರು, ವಿಳಾಸ, ತಾರೀಖು ಇದ್ದವು. ಮಗು ಆ ಬಾಗಿಲಿನ ಮೇಲೆ ಬೆರಳಿಡಬಹುದು. ಶುಕ್ರವಾರಪೇಟೆಯಲ್ಲಿ ಫಲಕವಿರಲಿಲ್ಲ. ಬೇಲಿಯ ಕಡ್ಡಿಯಲ್ಲಿ, ಬೀದಿಯಲ್ಲಿ ಹೋಗುವ ಹೆಣ್ಣುಮಗಳನ್ನು ಕಂಡು ‘ಗಾನೇವಾಲಿ’ ಎಂದು ನಗುವ ನಗೆಯಲ್ಲಿ, ನೀರು ಕೊಡುವ ಕೈ ತುಸು ಮೇಲಕ್ಕೆ ಸರಿಯುವುದರಲ್ಲಿ ಭೇದ ಇರುತ್ತಿತ್ತು. ಫಲಕವಿಲ್ಲದ ಭೇದವನ್ನು ತೋರಿಸುವುದು ಫಲಕವಿದ್ದುದನ್ನು ತೋರಿಸುವುದಕ್ಕಿಂತ ಕಷ್ಟದ ಕವಿಕರ್ಮ. ಅಮೆರಿಕದ ಮಾದರಿಯನ್ನು ಹಾಗೆಯೇ ತಂದು ಹೆಸರು ಬದಲಾಯಿಸಿದರೆ ಸಾಲದೆಂಬುದು ಇದರಿಂದ ತಿಳಿಯುತ್ತದೆ. ಜೊತೆಗೆ, ಚಪ್ಪಾಳೆಯಲ್ಲಿ ಮುಗಿಯುವ ಮೋಹ ಅಲ್ಲಿಯ ಪುಸ್ತಕಗಳನ್ನೂ ಪೂರ್ತಿ ಬಿಟ್ಟಿಲ್ಲ.

ಕಷ್ಟವೆಂದ ಮಾತ್ರಕ್ಕೆ ಕನ್ನಡದಲ್ಲಿ ದಾರಿಯೇ ಇಲ್ಲವೆಂದಲ್ಲ. ದಾರಿ ಹಳೆಯದು, ಶಿವನಿಯಿಂದ ಬಹುದೂರದ್ದೂ ಅಲ್ಲ. ತರೀಕೆರೆಯ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಮುಂದೆ ಎತ್ತರವಾದ ಒಂದು ಶಾಸನಶಿಲೆಯಿದೆ. ಅದರ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ಜೈನಕವಿ ಶಿವಾಲಯಕ್ಕೆ ಶಾಸನ ಬರೆದುದು ಇಂದಿನವರಿಗೆ ಸೋಜಿಗವೆನಿಸಬಹುದು, ಅಂದಿನವರಿಗೆ ಎನಿಸಿರಲಾರದು. ಆ ಜನ್ನನೇ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದ. ಶ್ರಾವಕರ ಮನೆಗಳಲ್ಲಿ ಆ ಕಥೆ ಹಿಟ್ಟಿನ ಹುಂಜದ ಕಥೆಯೆಂದು ಪರಿಚಿತ. ಆದರೆ ಅದರ ತಿರುವು ಇರುವುದು ಒಂದು ಹಾಡಿನಲ್ಲಿ ಎಂಬುದನ್ನು ನೆನೆಯುವವರು ಕಡಿಮೆ. ನಟ್ಟಿರುಳಿನಲ್ಲಿ ರಾಣಿ ಅಮೃತಮತಿಯ ಕಿವಿಗೆ ಆನೆಯ ಮಾವುತನೊಬ್ಬನ ಇನಿದನಿ ಬೀಳುತ್ತದೆ. ಹಾಡಿದವನನ್ನು ನೋಡಿ ಬಂದ ಗೆಳತಿ ಅವನ ವಿಕಾರರೂಪವನ್ನು ಅಂಗಾಂಗವಾಗಿ ಬಣ್ಣಿಸುತ್ತಾಳೆ. ದನಿಗೆ ಸೋತ ರಾಣಿಯ ಪತನವನ್ನು ಕವಿ ಹೇಳಹೊರಟಿದ್ದಾನೆ, ಸರಿ. ಆದರೂ ಇಂದಿನ ಓದುಗ ಒಂದು ಮಾತನ್ನು ಕೇಳಬಹುದು: ಕೇಳುವವರನ್ನೆಲ್ಲ ಸೆಳೆಯುವ ಆ ಕಂಠಕ್ಕೆ ಕಾವ್ಯ ಕೊಟ್ಟ ಸ್ಥಾನವೇನು? ಮಾವುತನ ಕುಲ, ಅವನ ಮೈ, ಎರಡೂ ಜುಗುಪ್ಸೆಗೆ ಸಾಮಗ್ರಿಯಾದವು. ಹಾಡು ಪಾಪದ ಬಾಗಿಲಾಯಿತು. ಹಾಡುವವರನ್ನು ಕೇಳುವುದು, ಹಾಡುವವರನ್ನು ಹೀಗಳೆಯುವುದು, ಈ ಎರಡೂ ಒಂದೇ ಮನೆಯಲ್ಲಿ ನಡೆಯುತ್ತಿದ್ದುದಕ್ಕೆ ಶುಕ್ರವಾರಪೇಟೆಗಿಂತ ಏಳುನೂರು ವರ್ಷ ಹಿಂದಿನ ಸಾಕ್ಷಿ ಇದು. ಹಿರಿಯ ಕವಿಯಲ್ಲಿಯೂ ಇದನ್ನು ಕಂಡು ಹೇಳುವುದು ಅವಿನಯವಲ್ಲ.

ಆದರೆ ಅದೇ ಕಾವ್ಯ ಕೊಡುವ ಬೇರೆರಡು ಪಾಠಗಳು ಮಕ್ಕಳ ಪದ್ಯಕಾರನಿಗೆ ಬಹಳ ಬೆಲೆಯುಳ್ಳವು. ಯಶೋಧರನು ಜೀವವುಳ್ಳ ಕೋಳಿಯನ್ನು ಕೊಲ್ಲಲಿಲ್ಲ. ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಹುಂಜವನ್ನು ಕಡಿದ. ರಕ್ತವಿಲ್ಲ, ಜೀವಹಾನಿಯಿಲ್ಲ. ಆದರೂ ಆ ಸಂಕಲ್ಪಹಿಂಸೆಗಾಗಿ ತಾಯಿಮಗ ಭವಭವಗಳಲ್ಲಿ ತೊಳಲಿದರು. ‘ಗಂಗೂಬಾಯಿಯವರನ್ನು ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ, ಅಂದಿನ ಪದ್ಧತಿ ಹಾಗಿತ್ತು, ಅಷ್ಟೆ’ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ. ಬೇರೆ ಎಲೆ ಹಾಕಿದುದು ಹಿಟ್ಟಿನ ಹುಂಜ. ಬೀದಿಯ ನಗೆ ಹಿಟ್ಟಿನ ಹುಂಜ. ಪೆಟ್ಟು ತೋರದಿದ್ದರೂ ಹಿಂಸೆ ಹಿಂಸೆಯೇ ಎಂದು ಎಳೆಯರಿಗೆ ಕಲಿಸುವ ಸಂಪ್ರದಾಯದಲ್ಲಿ ಹುಟ್ಟಿದ ಮಗುವಿಗೆ ಮಾವಿನ ತೋಟದ ಕಥೆ ಬೇಗ ಅರ್ಥವಾಗಬೇಕು.

ಎರಡನೆಯ ಪಾಠ ಕಥೆ ಹೇಳುವ ಬಗೆಯದು. ಯಶೋಧರನ ಕಥೆಯನ್ನು ಹೇಳುವವರು ಅಭಯರುಚಿ ಮತ್ತು ಅಭಯಮತಿ ಎಂಬ ಎಳೆಯ ಅಣ್ಣತಂಗಿಯರು. ಚಂಡಮಾರಿಯ ಗುಡಿಯಲ್ಲಿ ಬಲಿಗಾಗಿ ಹಿಡಿದು ತಂದ ಮಕ್ಕಳವರು. ಕೇಳುವವನು ಅವರನ್ನು ಕಡಿಯಲು ಕತ್ತಿ ಹಿರಿದ ಮಾರಿದತ್ತ ಮಹಾರಾಜ. ಕಥೆ ಮುಗಿಯುವಷ್ಟರಲ್ಲಿ ಕತ್ತಿ ಇಳಿದಿರುತ್ತದೆ. ಒಬ್ಬರ ಬಾಳಿನ ಕಥೆಯನ್ನು ಪದ್ಯದಲ್ಲಿ ಹೇಳುವುದರ ಉದ್ದೇಶವನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಚೌಕಟ್ಟು ಕನ್ನಡದಲ್ಲಿ ಸುಲಭವಾಗಿ ಸಿಗದು. ಚರಿತೆ ಹೇಳುವುದು ನೊಂದವರನ್ನು ಹೊಗಳುವುದಕ್ಕಾಗಿಯಷ್ಟೇ ಅಲ್ಲ, ನೋಯಿಸಿದವನ ಎದುರಿಗೆ, ಅವನು ತನ್ನನ್ನು ತಾನು ಕಾಣುವಂತೆ. ಇಂದಿನ ಪದ್ಯಚರಿತೆಗಳ ದೊಡ್ಡ ಕೊರತೆಯೆಂದರೆ ಅವುಗಳ ಶ್ರೋತೃಗಳಲ್ಲಿ ಮಾರಿದತ್ತನಿಲ್ಲ.

ಮಕ್ಕಳಿಗೆ ಹಿರಿಯರ ತಪ್ಪನ್ನು ತೋರಿಸಬಹುದೆ ಎಂಬ ಅಳುಕು ಕೆಲವು ಮನೆಗಳಲ್ಲಿ ಇರುತ್ತದೆ. ಎಳೆಯ ಮನಸ್ಸಿನಲ್ಲಿ ಕಹಿ ಹುಟ್ಟೀತು, ಊರಿನೊಳಗೆ ಒಡಕು ಬಂದೀತು ಎಂಬುದು ಅವರ ಅಂಜಿಕೆ. ಇದಕ್ಕೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯೇ ಉತ್ತರ. ಇಂಗ್ಲಿಷಿನ ಬ್ರೌನಿಂಗ್ ಕವಿಯ ಕಥನಕವನದಿಂದ ಬಂದ ಆ ಪದ್ಯದಲ್ಲಿ ಮಾತು ಕೊಟ್ಟು ತಪ್ಪಿದವರು ಊರಿನ ಹಿರಿಯರು. ಅದರ ಫಲವಾಗಿ ಊರು ತನ್ನ ಮಕ್ಕಳನ್ನೇ ಕಳೆದುಕೊಳ್ಳುತ್ತದೆ. ತಲೆಮಾರುಗಳಿಂದ ಕನ್ನಡದ ಮಕ್ಕಳು ಅದನ್ನು ಕುಣಿದು ಹಾಡಿದ್ದಾರೆ. ಯಾವ ಮಗುವೂ ಅದರಿಂದ ಹಿರಿಯರ ದ್ವೇಷಿಯಾಗಲಿಲ್ಲ. ಮಕ್ಕಳ ಪದ್ಯ ದೊಡ್ಡವರ ಅಪರಾಧವನ್ನು ಹೊರಬಲ್ಲದು. ಹೊರಿಸುವ ಧೈರ್ಯ ಬರೆಯುವವರಿಗಿರಬೇಕು, ಅಷ್ಟೆ.

ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪವೊಂದಿದೆ. ಉಚ್ಚಗೋತ್ರ ನೀಚಗೋತ್ರಗಳು ಕರ್ಮೋದಯದಿಂದ ಬರುವಂಥವು. ಅಂಥ ಕುಲದಲ್ಲಿ ಹುಟ್ಟಿದವರು ಪಟ್ಟ ಪಾಡು ಪೂರ್ವಾರ್ಜಿತ ಕರ್ಮದ ಫಲವಲ್ಲವೆ ಎಂದು ಯಾರಾದರೂ ಕೇಳಬಹುದು. ಶಾಸ್ತ್ರವನ್ನು ಅರ್ಧ ಓದಿದವರ ಪ್ರಶ್ನೆಯಿದು. ಗೋತ್ರಕರ್ಮವನ್ನು ಹೇಳಿದ ಶಾಸ್ತ್ರವೇ, ಪರನಿಂದೆ ಆತ್ಮಪ್ರಶಂಸೆಗಳಿಂದ ನೀಚಗೋತ್ರ ಕಟ್ಟುತ್ತದೆಂದೂ ಹೇಳಿದೆ. ಹಾಗೆ ನೋಡಿದರೆ ಮಾವಿನ ತೋಟದಲ್ಲಿ ಕರ್ಮವನ್ನು ಕಟ್ಟಿಕೊಳ್ಳುತ್ತಿದ್ದವರು ಯಾರು? ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಎಂಟು ಮದಗಳನ್ನು ಎಣಿಸುವಾಗ ಕುಲಮದ, ಜಾತಿಮದಗಳನ್ನು ಬೇರೆಬೇರೆಯಾಗಿಯೇ ಹೇಳಿದ್ದಾರೆ. ಸಮ್ಯಗ್ದರ್ಶನವುಳ್ಳವನು ಚಂಡಾಲನಾದರೂ ಬೂದಿ ಮುಚ್ಚಿದ ಕೆಂಡದಂತೆ ಒಳಗೆ ತೇಜಸ್ವಿಯೆಂದು ಹೇಳಿದವರೂ ಅವರೇ. ಮನುಷ್ಯಜಾತಿ ಒಂದೇ ಎಂಬ ಆದಿಪುರಾಣದ ಮಾತನ್ನು ವೇದಿಕೆಗಳಲ್ಲಿ ಎಷ್ಟು ಬಾರಿ ಹೇಳಲಾಗಿದೆಯೆಂದರೆ ಅದು ಈಗ ಯಾರನ್ನೂ ಕದಲಿಸದ ಮಾತಾಗಿದೆ. ಕೆಂಡದ ಉಪಮೆ ಇನ್ನೂ ಸುಡಬಲ್ಲದು.

ಪಾಠಶಾಲೆಯ ಮಕ್ಕಳಿಗೆ ಯಮಪಾಲನ ಕಥೆ ಗೊತ್ತು. ಚತುರ್ದಶಿಯ ದಿನ ಕೊಲ್ಲೆನೆಂದು ವ್ರತ ತೊಟ್ಟ ಆ ಚಂಡಾಲ, ರಾಜಾಜ್ಞೆಯನ್ನು ಮೀರಿ ಸಾವಿಗೂ ಸಿದ್ಧನಾಗಿ ದೇವತೆಗಳಿಂದ ಪೂಜೆಗೊಂಡ. ಮಕ್ಕಳು ಈ ಕಥೆಯನ್ನು ಒಪ್ಪಿಸುವಾಗ ಸಿಂಹಾಸನದ ಬಳಿ ಧ್ವನಿ ಏರುತ್ತದೆ, ಕಥೆ ಮುಗಿಯುತ್ತದೆ. ಕೊಲ್ಲುವ ಕೆಲಸವನ್ನು ಅವನ ಕುಲಕ್ಕೆ ಹಚ್ಚಿದವರಾರು, ತೀರ್ಪು ಕೊಟ್ಟ ಕೈಗೆ ಅಂಟದ ಕೊಳೆ ಕತ್ತಿ ಹಿಡಿದ ಕೈಗೆ ಮಾತ್ರ ಏಕೆ ಅಂಟಿತು ಎಂದು ಯಾರೂ ಕೇಳುವುದಿಲ್ಲ. ಗಂಗೂಬಾಯಿಯವರ ಪದ್ಯಕಥೆ ಪದ್ಮವಿಭೂಷಣದಲ್ಲಿ ಮುಗಿಯುವುದಕ್ಕೂ ಯಮಪಾಲನ ಕಥೆ ಸಿಂಹಾಸನದಲ್ಲಿ ಮುಗಿಯುವುದಕ್ಕೂ ಭೇದವಿಲ್ಲ. ದೋಷ ಕಥೆಗಳದಲ್ಲ, ಹೇಳುವ ಅಭ್ಯಾಸದ್ದು.

ಇನ್ನು ಛಂದಸ್ಸಿನ ಮಾತು. ಶಿಶುಗೀತೆಗೆ ರೂಢಿಯಾದ ನಾಲ್ಕು ಮಾತ್ರೆಗಳ ಕುದುರೆನಡಿಗೆ ಗಂಗೂಬಾಯಿಯವರ ಬಾಳಿಗೆ ಹೊಂದುವುದು ಅನುಮಾನ. ರಾಜರತ್ನಂ ಅವರ ‘ತುತ್ತೂರಿ’ಗೆ ಆ ನಡಿಗೆಯೇ ಜೀವ, ಏಕೆಂದರೆ ಅಲ್ಲಿ ಜಂಬದ ಹುಡುಗನಿದ್ದಾನೆ. ಕಿರಾನಾ ಘರಾಣೆಯ ಹಾಡುಗಾರಿಕೆ ಸ್ವರದಿಂದ ಸ್ವರಕ್ಕೆ ನಿಧಾನವಾಗಿ, ಅವಸರವಿಲ್ಲದೆ ಸಾಗುವಂಥದು. ಜಿಪುಣನು ಹಣವನ್ನು ಬಿಚ್ಚುವಂತೆ ಒಂದೊಂದೇ ಸ್ವರವನ್ನು ಬಳಸಬೇಕೆಂದು ಗುರುಗಳು ಕಲಿಸಿದರೆಂದು ಗಂಗೂಬಾಯಿಯವರೇ ಹೇಳುತ್ತಿದ್ದರು. ಗಂಟಲಿನ ಚಿಕಿ‍ತ್ಸೆಯೊಂದರ ಬಳಿಕ ಅವರ ಎಳೆಯ ಕಂಠ ಹೋಗಿ ಗಂಡುದನಿಯಂಥ ಗಂಭೀರ ಕಂಠ ಬಂದಿತು; ಅದನ್ನು ಶಾಪವೆನ್ನದೆ ಅದರಿಂದಲೇ ಹಾಡನ್ನು ಕಟ್ಟಿದರು. ಇಂಥ ದನಿಯ ಕಥೆ ಟಕಟಕನೆ ಓಡಬಾರದು. ಕನ್ನಡದಲ್ಲಿ ನಿಂತು ನಿಂತು ಹೋಗುವ ಹಾಡುಗಬ್ಬಕ್ಕೆ ಬಡತನವಿಲ್ಲ. ಗರತಿಯರ ತ್ರಿಪದಿಯಿದೆ. ರತ್ನಾಕರವರ್ಣಿ ‘ಭರತೇಶ ವೈಭವ’ವನ್ನು ಹಾಡಿದ ಸಾಂಗತ್ಯವಿದೆ, ಮುಂದಿನ ಸಾಲಿಗೆ ಹೋಗುವ ಮುನ್ನ ಕೇಳುಗನಿಗೆ ಉಸಿರಾಡಲು ಎಡೆಗೊಡುವ ಛಂದಸ್ಸು ಅದು. ಎಂಟರಿಂದ ಹನ್ನೆರಡರ ಮಕ್ಕಳು ಸಾಂಗತ್ಯವನ್ನು ಹಾಡಲಾರರೆಂಬುದು ಹಿರಿಯರ ಕಲ್ಪನೆ. ಬಸದಿಗಳಲ್ಲಿ ಅದಕ್ಕಿಂತ ಕಠಿಣವಾದ ಸಂಸ್ಕೃತ ಸ್ತೋತ್ರಗಳನ್ನು ಆ ವಯಸ್ಸಿನವರು ಹಾಡುತ್ತಾರೆ.

ವಸ್ತುವಿಗಾಗಿ ಗಂಗೂಬಾಯಿಯವರ ಆತ್ಮಕಥನ ‘ನನ್ನ ಬದುಕಿನ ಹಾಡು’ ಇದೆ. ಸಂದರ್ಶನಗಳಲ್ಲಿ ಅವರು ಆಡಿದ ಮಾತುಗಳೂ ಉಳಿದಿವೆ. ಅವುಗಳಲ್ಲಿ ಒಂದಂತೂ ಮಕ್ಕಳ ಪದ್ಯಕ್ಕೆಂದೇ ಆಡಿದಂತಿದೆ: ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದ, ಹಿಂದುವಾದರೆ ಪಂಡಿತ, ಕೇಸರಬಾಯಿ, ಮೋಗೂಬಾಯಿಯಂಥ ಹೆಂಗಸರು ಮಾತ್ರ ಬಾಯಿಗಳಾಗಿಯೇ ಉಳಿಯುತ್ತಾರೆ ಎಂಬುದು ಅದರ ತಾತ್ಪರ್ಯ. ನಗುತ್ತ ಆಡಿದ ಮಾತು. ನಗೆ ಇಳಿದ ಮೇಲೆ ಉಳಿಯುವುದೇನೆಂದು ಮಗುವಿಗೂ ಗೊತ್ತಾಗುತ್ತದೆ. ಅವರ ಮನೆತನ ದೇವದಾಸಿ ಪರಂಪರೆಯ ಹಾಡುಗಾರ್ತಿಯರದೆಂಬುದನ್ನು ಮಕ್ಕಳಿಗೆ ಹೇಗೆ ಹೇಳುವುದೆಂಬ ಸಂಕೋಚ ಸಹಜ. ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಹಾಡುವ ತಾಯಂದಿರ ಮನೆಯೆಂದೂ, ಹಾಡನ್ನು ಬೇಡಿದವರೇ ಹಾಡಿದವರನ್ನು ಹೊರಗಿಟ್ಟರೆಂದೂ ಹೇಳಿದರೆ ಸಾಕು. ಆ ತಾಯಿಯನ್ನು ಕಾಣದಂತೆ ಮಾಡುವುದು ಮಾತ್ರ ಸಲ್ಲದು. ಅಂಬಾಬಾಯಿಯವರ ಮೌನವಿಲ್ಲದೆ ಮಗಳ ಹಾಡಿಲ್ಲ.

ಧರ್ಮಸಂಸ್ಥೆಗಳ ಟ್ರಸ್ಟುಗಳು ಮಹಾವೀರ ಜಯಂತಿಗೋ ಪರ್ಯೂಷಣಕ್ಕೋ ಮಕ್ಕಳಿಗೆ ಪುಸ್ತಕಗಳನ್ನು ಮುದ್ರಿಸಿ ಹಂಚುವುದುಂಟು. ಗಂಗೂಬಾಯಿಯವರು ಜೈನರಲ್ಲ, ಅವರ ಕಥೆ ನಮಗೇಕೆ ಎಂದು ಕೇಳುವ ವಿಶ್ವಸ್ತರು ಇದ್ದರೆ ಅವರಿಗೆ ಅಮೃತಾಪುರದ ಶಾಸನವನ್ನು ತೋರಿಸಬಹುದು. ಆದರೆ ಮುದ್ರಿಸುವ ಮುನ್ನ ಹಸ್ತಪ್ರತಿಯನ್ನು ಒಂದು ಒರೆಗೆ ಹಚ್ಚಿ ನೋಡಬೇಕು: ಪದ್ಯದಲ್ಲಿ ತೋಟದವರ ಬಗ್ಗೆ ಎಷ್ಟು ಸಾಲುಗಳಿವೆ? ಒಂದೂ ಇಲ್ಲದಿದ್ದರೆ ಕವಿಗೆ ಹಿಂದಿರುಗಿಸುವುದು ಒಳ್ಳೆಯದು. ಪುಸ್ತಕ ಹಂಚಿದ ಸಭೆಯ ನಂತರ ಊಟದ ಪಂಕ್ತಿ ಹಾಕುತ್ತಾರೆ. ಬೆಳಗಾವಿಯ ಎಲೆಯ ಕಥೆಯನ್ನು ಆಗತಾನೆ ಓದಿದ ಮಗು ಅಲ್ಲಿ ಯಾರು ಬಡಿಸುತ್ತಾರೆ, ಯಾರು ಕುಳಿತಿದ್ದಾರೆ, ಹಿತ್ತಿಲಲ್ಲಿ ಪಾತ್ರೆ ತಿಕ್ಕುವವರು ಯಾವಾಗ ಉಣ್ಣುತ್ತಾರೆ ಎಂದು ಕತ್ತು ತಿರುಗಿಸಿ ನೋಡಿದರೆ ಪದ್ಯ ಫಲಿಸಿದಂತೆ.

ಕೊನೆಯ ಪುಟದ ವಿಷಯ ಒಂದು ಉಳಿದಿದೆ. ಅಲ್ಲಿ ಪ್ರಶಸ್ತಿಯ ಚಿತ್ರ ಬೇಡ. ಹಿಂದೊಮ್ಮೆ ಗದರಿಸಿ ಅಟ್ಟಿದವರೇ ದೊಡ್ಡ ಗಾಯಕಿಯನ್ನು ಮನೆಗೆ ಕರೆದು ಕೂರಿಸಿದ ಆ ದಿನದ ಚಿತ್ರ ಬೇಕು. ಗಂಗೂಬಾಯಿಯವರು ಕುಳಿತಿದ್ದಾರೆ, ಮನೆಯವರು ಎದುರಿಗೆ ನಿಂತಿದ್ದಾರೆ, ಕಿಟಕಿಯಾಚೆ ಮಾವಿನ ಮರವಿದೆ. ಮನೆಯವರು ಆಗ ಏನು ಹೇಳಬೇಕಾಗಿತ್ತು ಎಂಬುದನ್ನು ಕವಿ ಬರೆಯಲಾರದೆ ಹೋದರೆ, ಶಿವನಿಯ ಶಾಲೆಯ ಮಗುವೇ ಪೆನ್ಸಿಲಿನಲ್ಲಿ ಬರೆದುಕೊಳ್ಳುವಂತೆ ಅಲ್ಲಿ ಎರಡು ಸಾಲುಗಳ ಜಾಗವನ್ನು ಖಾಲಿ ಬಿಟ್ಟರೂ ಆದೀತು.